ತೊಂಬತ್ತನೇ ದಿನ

ಇಪ್ಪತ್ತೊಂಬತ್ತು ವರ್ಷ ಹೆರಿಗೆ ವಾರ್ಡಿನ ರಕ್ತ ತೊಳೆದ ಹೆಂಗಸಿಗೆ ಗುಮಾಸ್ತ ಹೇಳಿದ, "ನೀನು ಇಲ್ಲಿ ಕೆಲಸಾನೇ ಮಾಡಿಲ್ಲಮ್ಮ."

ಅವಳು ತಮಾಷೆ ಅಂದುಕೊಂಡು ನಕ್ಕಳು. ಗುಮಾಸ್ತ ನಗಲಿಲ್ಲ. ಮೇಜಿನ ಮೇಲಿದ್ದ ದಪ್ಪ ಪುಸ್ತಕವನ್ನು ಅವಳ ಕಡೆಗೆ ತಿರುಗಿಸಿದ. ಅವಳಿಗೆ ಓದು ಅಷ್ಟಕ್ಕಷ್ಟೆ. ಆದರೂ ತನ್ನ ಹೆಸರು ಕಂಡರೆ ಗುರುತು ಹತ್ತುತ್ತಿತ್ತು. ಅದು ಪುಟಪುಟದಲ್ಲೂ ಇತ್ತು. ಪ್ರತಿ ಹೆಸರಿನ ಮುಂದೆ ಒಂದು ತಾರೀಖು, ಅದರ ಪಕ್ಕ ಇನ್ನೊಂದು ತಾರೀಖು, ಹೆಸರಿನ ಮೇಲೆ ಅಡ್ಡಗೆರೆ.

"ನೂರ ಹದಿನೆಂಟು ಸಲ ಸೇರಿದ್ದೀಯ. ನೂರ ಹದಿನೆಂಟು ಸಲ ಬಿಟ್ಟಿದ್ದೀಯ. ಯಾವ ಸಲಾನೂ ಎಂಬತ್ತೊಂಬತ್ತು ದಿನ ದಾಟಿಲ್ಲ. ಪಿಂಚಣಿ ಬೇಕು ಅಂದ್ರೆ ಹತ್ತು ವರ್ಷ ಒಂದೇ ಸಮ ಕೆಲಸ ಮಾಡಿರ್ಬೇಕು."

"ನಾನು ಬಿಟ್ಟಿಲ್ಲ ಸಾರ್. ನೀವು ಬಿಡಿಸಿದ್ದು."

"ಎರಡಕ್ಕೂ ಪುಸ್ತಕದಲ್ಲಿ ಒಂದೇ ಕಾಲಂ ಇರೋದು," ಎಂದ ಗುಮಾಸ್ತ.

ಆಸ್ಪತ್ರೆಯಲ್ಲಿ ಅವಳಿಗೆ ಫಿನಾಯಿಲಮ್ಮ ಎಂದೇ ಹೆಸರು. ಡಾಕ್ಟರು, ನರ್ಸು, ಗೇಟಿನ ಕಾವಲುಗಾರ, ಹೆತ್ತು ಮಲಗಿದ ಹೆಂಗಸರು, ಎಲ್ಲರೂ ಹಾಗೇ ಕರೆಯುತ್ತಿದ್ದರು. ಬಸ್ಸಿನಲ್ಲಿ ಅವಳ ಪಕ್ಕ ಕೂತವರು ಮೂಗು ಮುಚ್ಚಿಕೊಂಡು ಎದ್ದು ಹೋಗುತ್ತಿದ್ದರು. ಕೈಯ ಚರ್ಮ ಬಿರುಕು ಬಿಟ್ಟು ಬಿಳಿಚಿಕೊಂಡಿತ್ತು. ಮೊಣಕಾಲು ಎರಡೂ ಕೈಕೊಟ್ಟಿದ್ದವು. ಅರವತ್ತು ತುಂಬಿದ ದಿನ ಮೇಸ್ತ್ರಿ ಬಂದು, ನಾಳೆಯಿಂದ ಬರಬೇಡ, ನಿನ್ನ ಜಾಗದಲ್ಲಿ ನಿನ್ನ ಮಗಳು ಬರಲಿ ಎಂದಿದ್ದ. ಅದೊಂದು ದೊಡ್ಡ ಉಪಕಾರ ಎನ್ನುವ ಹಾಗೆ ಹೇಳಿದ್ದ. ಅವಳೂ ಕೈಮುಗಿದಿದ್ದಳು. ಈಗ ನೆನೆದರೆ ಆ ಕೈಗಳ ಮೇಲೇ ಸಿಟ್ಟು ಬರುತ್ತದೆ.

ಎಂಬತ್ತೊಂಬತ್ತರ ವಿಷಯ ಹೇಳಿಬಿಡಬೇಕು. ಯಾರಾದರೂ ಒಂದೇ ಸಮನೆ ತೊಂಬತ್ತು ದಿನ ಕೆಲಸ ಮಾಡಿದರೆ ಅವರು ಸರ್ಕಾರದ ಆಳಾಗುತ್ತಾರೆ. ಆಳಾದರೆ ರಜೆ ಕೊಡಬೇಕು, ಔಷಧಿ ಕೊಡಬೇಕು, ಮುದಿಯಾದಾಗ ಪಿಂಚಣಿ ಕೊಡಬೇಕು. ಅದಕ್ಕೆ ಎಂಬತ್ತೊಂಬತ್ತನೇ ದಿನ ಸಂಜೆ ಹೆಸರಿಗೆ ಅಡ್ಡಗೆರೆ. ತೊಂಬತ್ತನೇ ದಿನ ಬ್ರೇಕ್. ತೊಂಬತ್ತೊಂದನೇ ದಿನ ಬೆಳಿಗ್ಗೆ ಹೊಸದಾಗಿ ಸೇರಿಸಿಕೊಂಡಂತೆ ಹೆಸರು ಬರೆಯುವುದು. ಈ ಉಪಾಯ ಯಾವ ತಲೆಯಲ್ಲಿ ಹುಟ್ಟಿತೋ, ಆ ತಲೆಗೆ ತಿಂಗಳು ತಿಂಗಳು ತಪ್ಪದೆ ಪಿಂಚಣಿ ಬರುತ್ತಿರುತ್ತದೆ, ಅದರಲ್ಲಿ ಅನುಮಾನ ಬೇಡ.

ಆದರೆ ಫಿನಾಯಿಲಮ್ಮ ಬ್ರೇಕ್ ದಿನವೂ ಕೆಲಸಕ್ಕೆ ಹೋಗುತ್ತಿದ್ದಳು. ಯಾರೂ ಬಾ ಎಂದು ಹೇಳಿರಲಿಲ್ಲ. ಬರಬೇಡ ಎಂದೂ ಹೇಳಿರಲಿಲ್ಲ. ಮುಂದಿನ ಗೇಟಿನಲ್ಲಿ ಹಾಜರಿ ಪುಸ್ತಕ ಇತ್ತು. ಅದಕ್ಕೇ ಆವತ್ತು ಹಿಂದಿನ ಗೇಟು. ಹೆಣ ಮತ್ತು ಕೊಳೆ ಬಟ್ಟೆ ಹೊರಗೆ ಹೋಗುವ ಗೇಟು ಅದು. ಕಾವಲುಗಾರ ಬೀಗ ತೆಗೆದು ಇನ್ನೊಂದು ಕಡೆ ನೋಡುತ್ತಿದ್ದ.

ಮೊದಲನೇ ಬ್ರೇಕಿಗೆ ಅವಳು ಹೋಗಿರಲಿಲ್ಲ. ಆಗಿನ್ನೂ ಗಟ್ಟಿಮುಟ್ಟು ಹೆಂಗಸು. ಮನೆಯಲ್ಲಿ ತಲೆಗೆ ನೀರು ಹಾಕಿಕೊಂಡು, ಬಿಸಿಲಿಗೆ ಕೂದಲು ಹರವಿ, ಮಧ್ಯಾಹ್ನ ಕಾಲು ಚಾಚಿ ಮಲಗಿದ್ದಳು. ಎಷ್ಟು ಸುಖವಾಗಿತ್ತು ಆ ನಿದ್ದೆ! ಮರುದಿನ ಹೋದರೆ ವಾರ್ಡಿನಲ್ಲಿ ಉಸಿರಿಲ್ಲ. ಹಿಂದಿನ ದಿನ ಹೆತ್ತವಳೊಬ್ಬಳು ಪಾಯಿಖಾನೆಗೆ ನಡೆದು ಹೋಗುವಾಗ ಯಾರೂ ಒರೆಸದ ರಕ್ತದ ಮೇಲೆ ಕಾಲಿಟ್ಟು ಜಾರಿದ್ದಳು. ತಲೆ ಕಟ್ಟೆಗೆ ಬಡಿದಿತ್ತು. ಮೂರನೇ ದಿನ ಹೋಗಿಬಿಟ್ಟಳು. ದೊಡ್ಡ ಸಿಸ್ಟರ್, ಅಂದರೆ ವಾರ್ಡಿನ ಹಿರಿಯ ನರ್ಸು, ಎಲ್ಲರೆದುರಿಗೆ ಹೇಳಿದಳು, "ನೀನು ಬರ್ಲಿಲ್ಲ, ಅವಳು ಹೋದ್ಲು. ಲೆಕ್ಕ ಚುಕ್ತಾ."

ಆವತ್ತು ನೆಲ ಒರೆಸಲು ಬೇರೆ ಯಾರನ್ನು ನೇಮಿಸಿದ್ದಿರಿ ಎಂದು ಫಿನಾಯಿಲಮ್ಮ ಕೇಳಬೇಕಿತ್ತು. ಕೇಳಲಿಲ್ಲ. ಆ ಮಾತನ್ನು ತಲೆಯ ಮೇಲೆ ಹೊತ್ತುಕೊಂಡು ಬಂದಳು. ಆಮೇಲೆ ಒಂದು ಬ್ರೇಕನ್ನೂ ತಪ್ಪಿಸಲಿಲ್ಲ. ಜ್ವರ ಬಂದಾಗಲೂ ಹೋದಳು. ಗಂಡ ಸತ್ತ ಆರನೇ ದಿನವೂ ಹೋದಳು. ಅವಳು ಮಾಡಿದ ತಪ್ಪು ಅದೊಂದೇ.

ಗುಮಾಸ್ತ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಬೈದು ಬರಬಹುದಿತ್ತು. ಅವನು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ದನಿ ತಗ್ಗಿಸಿದ.

"ಹೊಸ ಆದೇಶ ಬಂದಿದೆ. ಬ್ರೇಕು ಬರೀ ಕಾಗದದ ಮೇಲಿತ್ತು, ಆವತ್ತೂ ಆಳು ಕೆಲಸದಲ್ಲಿದ್ದ ಅಂತ ಆಸ್ಪತ್ರೆಯದೇ ಒಂದು ಕಾಗದ ತೋರಿಸಿದ್ರೆ, ಎಲ್ಲ ಸೇರಿಸಿ ಒಂದೇ ಸೇವೆ ಅಂತ ಒಪ್ಕೋತಾರೆ. ಒಂದೇ ಒಂದು ಕಾಗದ ಸಾಕು. ಹುಡುಕಮ್ಮ."

"ನಮ್ಗೆಲ್ಲಿಂದ ಬರುತ್ತೆ ಸಾರ್ ಕಾಗದ? ನಮ್ಮ ಕೈಗೆ ಕೊಟ್ಟಿದ್ದು ಪೊರಕೆ."

ಮನೆ ಅಂದರೆ ಒಂದು ಕೋಣೆ. ಮಗಳು ಕೆಲಸದಿಂದ ಬಂದು ಮೂಲೆಯಲ್ಲಿ ಕೈ ಉಜ್ಜಿಕೊಳ್ಳುತ್ತಿದ್ದಳು. ಎಷ್ಟು ಉಜ್ಜಿದರೂ ಆ ವಾಸನೆ ಹೋಗುವುದಿಲ್ಲ ಎಂದು ತಾಯಿ ಅವಳಿಗಿನ್ನೂ ಹೇಳಿರಲಿಲ್ಲ. ಫಿನಾಯಿಲಮ್ಮ ಗುಮಾಸ್ತ ಹೇಳಿದ್ದನ್ನೆಲ್ಲ ಹೇಳಿದಳು. ಮಗಳು ಉಜ್ಜುವುದನ್ನು ನಿಲ್ಲಿಸಿದಳು.

"ಓಲೆ ಕಳೆದಿತ್ತಲ್ಲಮ್ಮ, ಆವತ್ತು ನಿಂಗೆ ಬ್ರೇಕು."

"ಯಾವ ಓಲೆ?" ಎಂದಳು ಫಿನಾಯಿಲಮ್ಮ. ಯಾವ ಓಲೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಶಾಲೆಯಲ್ಲಿ ನಂಗೆ ಓಟದಲ್ಲಿ ಬಹುಮಾನ ಕೊಡೋರಿದ್ರು. ಬ್ರೇಕ್ ಇದೆ, ಬಂದೇ ಬರ್ತೀನಿ ಅಂದಿದ್ದೆ ನೀನು. ವಾರ್ಡ್ ಒರೆಸಿ ಓಡಿ ಬರ್ತೀನಿ ಅಂದೆ. ನಾನು ಬಾಗ್ಲು ನೋಡ್ಕೊಂಡೇ ನಿಂತಿದ್ದೆ."

ಆವತ್ತು ಓಡಿ ಬರಲು ಆಗಿರಲಿಲ್ಲ. ಹೆತ್ತ ಹೆಂಗಸೊಬ್ಬಳ ಓಲೆ ಕಾಣೆಯಾಗಿತ್ತು. ವಾರ್ಡಿನಲ್ಲಿ ಇಪ್ಪತ್ತು ಮಂಚ, ನಲವತ್ತು ಜನ ನೆಂಟರು, ಆರು ನರ್ಸುಗಳು. ಎಲ್ಲರೂ ತಿರುಗಿ ನೋಡಿದ್ದು ಒಬ್ಬಳ ಕಡೆಗೆ. ಬಟ್ಟೆ ಇಡುವ ಕೋಣೆಗೆ ಕರೆದುಕೊಂಡು ಹೋದರು. ಬಿಚ್ಚು ಎಂದರು. ಬಿಚ್ಚಿದಳು. ಅದನ್ನೂ ಎಂದರು. ಅದನ್ನೂ ಬಿಚ್ಚಿದಳು. ಜಡೆ ಬಿಚ್ಚಿ ಕೊಡವಿದರು. ಬಾಯಿ ತೆರೆಸಿ ಬೆರಳು ಹಾಕಿ ನಾಲಿಗೆ ಎತ್ತಿ ನೋಡಿದರು. ಬೆರಳು ದೊಡ್ಡ ಸಿಸ್ಟರದ್ದು. ಆಮೇಲೆ ಆ ಬೆರಳನ್ನು ಅವಳು ಸ್ಪಿರಿಟ್‌ನಲ್ಲಿ ಅದ್ದಿ ತೊಳೆದುಕೊಂಡಳು. ಫಿನಾಯಿಲಮ್ಮ ಮೈ ಮೇಲೆ ನೂಲೆಳೆಯಿಲ್ಲದೆ ನಿಂತುಕೊಂಡು ಅದನ್ನು ನೋಡಿದಳು. ಆಮೇಲೆ ದೊಡ್ಡ ಸಿಸ್ಟರ್ ಅವಳ ಮೇಲೆ ಕಳವಿನ ದೂರು ಬರೆದು ಕಚೇರಿಗೆ ಕಳಿಸಿದಳು.

ಎರಡು ದಿನ ಬಿಟ್ಟು ಓಲೆ ಮಗುವಿಗೆ ಸುತ್ತಿದ ಬಟ್ಟೆಯಲ್ಲೇ ಸಿಕ್ಕಿತು. ಬಾಣಂತಿಯ ತಾಯಿ ನಗುನಗುತ್ತಾ ತಂದು ತೋರಿಸಿದಳು. "ಸಿಕ್ತಂತೆ ಕಣೇ, ಹೋಗು, ಪಾಯಿಖಾನೆ ಕಟ್ಕೊಂಡಿದೆ ನೋಡು," ಎಂದಳು ದೊಡ್ಡ ಸಿಸ್ಟರ್. ಅಲ್ಲಿಗೆ ಮುಗಿಯಿತು. ಮನೆಯಲ್ಲಿ ಅವಳು ಯಾರಿಗೂ ಪೂರ್ತಿ ಹೇಳಲಿಲ್ಲ. ಹದಿನಾಲ್ಕು ವರ್ಷದಿಂದ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದಾಳೆ.

"ದೂರು ಬರೆದಿದ್ರಲ್ಲಮ್ಮ. ದೂರಿನಲ್ಲಿ ತಾರೀಖು ಇರ್ಬೇಕಲ್ವಾ?" ಎಂದಳು ಮಗಳು.

ದೊಡ್ಡ ಸಿಸ್ಟರ್ ನಿವೃತ್ತಳಾಗಿ ಏಳು ವರ್ಷ. ಸ್ವಂತ ಮನೆ, ಮುಂದೆ ಹೂಕುಂಡ, ಗೇಟಿಗೆ ಹೊಸ ಬಣ್ಣ. ಮೊಣಕಾಲಿನ ಚಿಪ್ಪು ಬದಲಾಯಿಸಿಕೊಂಡು ಹುಡುಗಿಯ ಹಾಗೆ ನಡೆಯುತ್ತಿದ್ದಳು. ಅದೂ ಸರ್ಕಾರದ ಖರ್ಚಿನಲ್ಲಿ. ಫಿನಾಯಿಲಮ್ಮ ಮೆಟ್ಟಿಲ ಕೆಳಗೆ ತನ್ನ ಹಳೇ ಮೊಣಕಾಲುಗಳನ್ನು ಹಿಡಿದು ನಿಂತಳು. ಮೇಲೆ ಕುರ್ಚಿಯಲ್ಲಿದ್ದವಳು ಕೂತುಕೋ ಎನ್ನಲಿಲ್ಲ.

"ಬ್ರೇಕ್ ದಿನ ನಾನು ಕೆಲಸ ಮಾಡ್ತಿದ್ದೆ ಅಂತ ನೀವೊಂದು ಮಾತು ಬರ್ಕೊಟ್ರೆ ಸಾಕು ಸಿಸ್ಟರಮ್ಮ. ಇನ್ನೇನೂ ಕೇಳಲ್ಲ."

"ನಾನು ಹಾಗೆ ಬರೆದ್ರೆ, ಹೆಸರಿಲ್ಲದವಳನ್ನ ವಾರ್ಡಿಗೆ ಬಿಟ್ಟಿದ್ದು ಯಾರು ಅಂತ ನನ್ನನ್ನೇ ಕೇಳ್ತಾರೆ. ನನ್ನ ಪಿಂಚಣಿಗೆ ಕಲ್ಲು ಹಾಕ್ಕೊಳ್ಳಲಾ? ನಿನ್ನ ಬಾ ಅಂತ ನಾನು ಕರೆದಿದ್ನಾ?"

"ಕರೀಲಿಲ್ಲ."

"ಮತ್ತೆ? ನಿನ್ನ ಪಾಡಿಗೆ ನೀನು ಬಂದೆ. ಪುಣ್ಯ ಬಂತು ನಿಂಗೆ." ದೊಡ್ಡ ಸಿಸ್ಟರ್ ಎದ್ದಳು. ಬಾಗಿಲ ಹತ್ತಿರ ಹೋಗಿ ತಿರುಗಿದಳು. "ಹೇಗೂ ಬಂದಿದ್ದೀಯ. ಹಿಂದೆ ಬಚ್ಚಲಿನ ಮೋರಿ ಕಟ್ಕೊಂಡಿದೆ. ಒಂಚೂರು ನೋಡು. ನಿನ್ನ ಕೈ ಬಿದ್ರೇನೇ ಸರಿಹೋಗೋದು."

ಕಥೆ ಹೇಳುವವರಿಗೆ ಇಲ್ಲಿ ಅವಳು ಉಗಿದು ಬಂದಳು ಎಂದು ಹೇಳಲು ಆಸೆ. ಅವಳು ಉಗಿಯಲಿಲ್ಲ. ಹಿಂದಕ್ಕೆ ಹೋದಳು. ಕುಕ್ಕರುಗಾಲಿನಲ್ಲಿ ಕೂತು, ತೋಳಿನವರೆಗೆ ಕೈ ಹಾಕಿ, ಕೂದಲು, ಸೋಪು, ಕೊಳೆ ಎಲ್ಲ ಎಳೆದು ಹಾಕಿದಳು. ನೀರು ಗೊಳಕ್ಕೆಂದು ಹೋಯಿತು. ಕೈಗೆ ಅಭ್ಯಾಸ. ಇಪ್ಪತ್ತೊಂಬತ್ತು ವರ್ಷ ಆ ಕೈ ಬೇರೆಯವರ ಮಾತು ಕೇಳಿ ಬೆಳೆದಿತ್ತು. ಮೋರಿ ಮುಗಿಸಿ ಎದ್ದಾಗ ಮುಂಬಾಗಿಲು ಹಾಕಿತ್ತು. ಬಸ್ಸಿನಲ್ಲಿ ಅವಳು ತನಗೆ ತಾನೇ ಹೇಸಿಕೊಂಡು ಬಂದಳು.

ಮಗಳು ಹೇಳಿದ ಓಲೆಯ ದೂರು ಸಿಕ್ಕಿದ್ದು ಗುಮಾಸ್ತನಿಗೆ. ಹಳೇ ಕಡತದ ಕೋಣೆಯಲ್ಲಿ ಮೂರು ದಿನ ಮಧ್ಯಾಹ್ನದ ಊಟ ಬಿಟ್ಟು ಹುಡುಕಿದ್ದನಂತೆ. ಧೂಳು ಹಿಡಿದ ತಲೆಯಲ್ಲೇ ಬಂದು ಕಾಗದ ಹಿಡಿದು ಓದಿದ, "ಈ ದಿನ ಹೆರಿಗೆ ವಾರ್ಡಿನಲ್ಲಿ ಕೆಲಸದಲ್ಲಿದ್ದ ಸಫಾಯಿ ಹೆಂಗಸು..." ಅದಾದ ಮೇಲೆ ಅವಳ ಹೆಸರು. ತಂದೆಯ ಹೆಸರು ಸಮೇತ ಪೂರ್ತಿ ಹೆಸರು. ತಾರೀಖು. ದೊಡ್ಡ ಸಿಸ್ಟರ್ ಸಹಿ. ಆಸ್ಪತ್ರೆಯ ಮೊಹರು.

"ಬ್ರೇಕ್ ದಿನಾನೇ! ಪುಸ್ತಕದ ಜೊತೆ ತಾಳೆ ನೋಡಿದೆ. ಗೆದ್ದೆ ಹೋಗಮ್ಮ," ಎಂದ.

ಅವಳು ಕಾಗದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಕೆಲಸದಲ್ಲಿದ್ದಳು ಎಂದು ಸರ್ಕಾರ ಒಪ್ಪಿಕೊಂಡ ಒಂದೇ ಒಂದು ಕಾಗದ, ಅವಳನ್ನು ಕಳ್ಳಿ ಎಂದ ಕಾಗದ. ಆದರೂ ಅವಳಿಗೆ ಖುಷಿಯಾಯಿತು. ಆ ಖುಷಿಯನ್ನು ಸುಳ್ಳು ಎನ್ನುವ ಹಾಗಿಲ್ಲ. ಆವತ್ತು ಸಂಜೆ ಅಮ್ಮ ಮಗಳು ನಕ್ಕು ನಕ್ಕು ಸುಸ್ತಾದರು. "ಕದ್ದಿದ್ರೆ ಇನ್ನೂ ನಾಲ್ಕು ಕಾಗದ ಸಿಗ್ತಿತ್ತೇನೋ," ಎಂದಳು ಫಿನಾಯಿಲಮ್ಮ. ಪಿಂಚಣಿ ಬಂದರೆ ಮೊದಲು ಮಗಳನ್ನು ಆ ವಾರ್ಡಿನಿಂದ ಬಿಡಿಸಬೇಕು, ಏನಾದರೂ ಬೇರೆ ಕೆಲಸ ಕಲಿಯಲಿ ಎಂದು ಅವಳು ಬಾಯಿಬಿಟ್ಟು ಹೇಳಿದ್ದೂ ಆವತ್ತೇ.

ಪಿಂಚಣಿ ವಿಚಾರಣೆಯ ಕೋಣೆಯಲ್ಲಿ ಒಂದು ಉದ್ದ ಮೇಜು. ಆ ಕಡೆ ಸಾಹೇಬರು, ಪಕ್ಕದಲ್ಲಿ ಗುಮಾಸ್ತ. ಈ ಕಡೆ ಕುರ್ಚಿ ಇರಲಿಲ್ಲ. ಸಾಹೇಬರು ಕಾಗದವನ್ನು ಎರಡು ಸಲ ಓದಿದರು. ಕನ್ನಡಕ ತೆಗೆದರು.

"ಈ ಓಲೆ ವಿಷಯ ಏನಾಯ್ತು?"

"ಸಿಕ್ತು ಸ್ವಾಮಿ. ಮಗುವಿನ ಬಟ್ಟೆಯಲ್ಲಿತ್ತು."

"ಸಿಕ್ಕಿದ್ದಕ್ಕೆ ಕಾಗದ?"

"ಅದನ್ನ ಯಾರೂ ಬರೀಲಿಲ್ಲ."

"ಹಾಗಾದ್ರೆ ಈ ಕಳವಿನ ವಿಚಾರಣೆ ಇನ್ನೂ ಮುಗಿದಿಲ್ಲ." ಸಾಹೇಬರು ಸಿಟ್ಟಿನಿಂದ ಹೇಳಲಿಲ್ಲ. ಮಗುವಿಗೆ ಮಗ್ಗಿ ಹೇಳಿಕೊಡುವ ಹಾಗೆ ಬಿಡಿಸಿ ಹೇಳಿದರು. "ನೋಡಮ್ಮ, ಆವತ್ತು ನೀನು ಕೆಲಸದಲ್ಲಿದ್ದೆ ಅಂತ ನಾನು ಒಪ್ಕೊಂಡ್ರೆ, ಕಳವಿನ ಆರೋಪ ಇರೋ ಆಳು ನೀನು. ವಿಚಾರಣೆ ಮುಗಿಯೋವರೆಗೂ ಪಿಂಚಣಿಗೆ ಅರ್ಹಳಲ್ಲ. ಕೆಲಸದಲ್ಲಿರ್ಲಿಲ್ಲ ಅಂದ್ರೆ, ಸೇವೆ ತುಂಡಾಗಿದೆ. ಆಗ್ಲೂ ಅರ್ಹಳಲ್ಲ. ಎರಡರಲ್ಲಿ ಯಾವುದು ಬೇಕು, ನೀನೇ ಹೇಳು."

ಫಿನಾಯಿಲಮ್ಮ ಗುಮಾಸ್ತನ ಮುಖ ನೋಡಿದಳು. ಅವನು ಪೆನ್ನಿನ ಮುಚ್ಚಳ ತಿರುಗಿಸುತ್ತಿದ್ದ. ಅವನ ನಿವೃತ್ತಿಗೆ ಇನ್ನೆರಡು ವರ್ಷ. ಅವನು ಬಾಯಿಬಿಡುವುದಿಲ್ಲ ಎಂದು ಅವಳಿಗೆ ಗೊತ್ತಾಯಿತು.

"ವಿಚಾರಣೆ ಯಾವಾಗ ಮುಗಿಯುತ್ತೆ ಸ್ವಾಮಿ?"

"ದೂರು ಕೊಟ್ಟವರು, ಓಲೆ ಕಳ್ಕೊಂಡವರು, ಎಲ್ಲ ಬರ್ಬೇಕು. ಹದಿನಾಲ್ಕು ವರ್ಷದ ಮಾತು. ಎಲ್ಲಿ ಹುಡುಕೋದು?" ಸಾಹೇಬರು ಒಂದು ಹೊಸ ಕಾಗದ ಮುಂದೆ ತಳ್ಳಿದರು. "ನನಗೂ ಕರುಳಿದೆ. ಅದಕ್ಕೇ ಇದನ್ನ ಬರೆಸಿದ್ದೀನಿ. ಬ್ರೇಕ್ ದಿನಗಳಲ್ಲಿ ನೀನು ಸ್ವಂತ ಇಷ್ಟದಿಂದ, ಪ್ರತಿಫಲ ಬಯಸದೆ ಸೇವೆ ಮಾಡಿದೆ ಅಂತ ಇದೆ. ಸಹಿ ಹಾಕು. ಆ ಓಲೆ ದೂರು ಹರಿದು ಹಾಕ್ತೀವಿ. ನಿನಗೆ ಒಂದು ಪ್ರಶಸ್ತಿ ಪತ್ರ, ಚೌಕಟ್ಟು ಹಾಕಿಸಿ ಕೊಡ್ತೀವಿ. ಮಗಳೂ ನೆಮ್ಮದಿಯಾಗಿ ಕೆಲಸ ಮಾಡ್ಕೊಂಡಿರ್ತಾಳೆ."

ಮಗಳ ಮಾತು ಕೊನೆಗೆ ಬಂತು. ಮೆಲ್ಲಗೆ ಬಂತು. ಕೋಣೆಯಲ್ಲಿದ್ದ ಮೂವರಿಗೂ ಅದರ ಅರ್ಥ ಗೊತ್ತಿತ್ತು.

ಫಿನಾಯಿಲಮ್ಮ ಮೇಜು ಹಿಡಿದುಕೊಂಡಳು. ಮೇಜಿನ ಮೇಲಿನ ಗಾಜು ಒರೆಸಿ ಫಳಫಳ ಹೊಳೆಯುತ್ತಿತ್ತು. ಬೆಳಿಗ್ಗೆ ಯಾವಳು ಒರೆಸಿದಳೋ, ಅವಳದೂ ಎಷ್ಟನೇ ದಿನವೋ.

"ಇಷ್ಟದಿಂದ ಅಲ್ಲ ಸ್ವಾಮಿ," ಎಂದಳು. "ಹೆದರಿ ಬರ್ತಿದ್ದೆ. ಯಾರಾದ್ರೂ ಜಾರಿ ಬಿದ್ದು ಸತ್ರೆ ನನ್ನ ತಲೆಗೆ ಬರುತ್ತೆ ಅಂತ ಹೆದರಿ. ನೀವು ಒಂದು ಪೊರಕೆಗೂ ಗತಿ ಇಲ್ದೇ ಆ ಹೆಂಗಸ್ರನ್ನ ರಕ್ತದಲ್ಲಿ ಬಿಟ್ಟಿದ್ರಿ. ಅದಕ್ಕೆ ಬಂದೆ."

"ಸೇವೆ ಅಂತ ಬರೆದ್ರೆ ನಿನಗೇ ಗೌರವ ಅಲ್ವೇನಮ್ಮ?"

"ಸೇವೆ ಅಲ್ಲ. ಕೆಲಸ. ಕೆಲಸ ಅಂತ ಬರೀರಿ, ಹಾಕ್ತೀನಿ."

"ಹಾಗೆ ಬರೆಯೋಕೆ ಬರಲ್ಲ."

"ನನಗೂ ಸಹಿ ಬರಲ್ಲ."

ಬರುತ್ತಿತ್ತು. ಮಗಳು ಶಾಲೆಯಲ್ಲಿದ್ದಾಗ ಕಲಿಸಿಕೊಟ್ಟಿದ್ದಳು. ಫಿನಾಯಿಲಮ್ಮ ಕಾಗದವನ್ನು ಒಂದು ಬೆರಳಿನಿಂದ ವಾಪಸು ತಳ್ಳಿದಳು. ಓಲೆಯ ದೂರನ್ನು ಮಾತ್ರ ಎತ್ತಿಕೊಳ್ಳಲು ಹೋದಳು. ಗುಮಾಸ್ತ ಅದರ ಮೇಲೆ ಕೈಯಿಟ್ಟ. "ಅದು ಸರ್ಕಾರದ್ದು," ಎಂದ. ಅವಳ ಮುಖ ನೋಡದೆ ಎಂದ.

ಆ ವಾರವೇ ಮಗಳ ಎಂಬತ್ತೊಂಬತ್ತು ತುಂಬಿತು. ಮರುದಿನ ಬೆಳಿಗ್ಗೆ ಅವಳು ಎಂದಿನ ಹೊತ್ತಿಗೇ ಎದ್ದು ಚಪ್ಪಲಿ ಹುಡುಕುತ್ತಿದ್ದಳು.

"ಎಲ್ಲಿಗೆ?"

"ನಿನ್ನೆ ರಾತ್ರಿಗೆ ಮೂರು ಹೆರಿಗೆ ಇತ್ತಮ್ಮ. ನೆಲದ ರಕ್ತ ಯಾರೂ ಒರೆಸಿರಲ್ಲ. ಒಂದು ಗಂಟೆ ಅಷ್ಟೆ."

"ಹೋಗ್ಬೇಡ."

"ಯಾರಾದ್ರೂ ಜಾರಿ ಬಿದ್ರೆ?"

ಫಿನಾಯಿಲಮ್ಮ ಬಾಗಿಲಿಗೆ ಅಡ್ಡ ನಿಂತಳು. ಅದು ಅವಳದೇ ಮಾತು. ಮಗಳ ಬಾಯಿಗೆ ಅದನ್ನು ಯಾರೂ ತುರುಕಿರಲಿಲ್ಲ, ಅವಳೇ ಉಣ್ಣಿಸಿ ಬೆಳೆಸಿದ್ದಳು.

"ಬಿದ್ರೆ ಆ ಪಾಪ ನಮ್ಮದಲ್ಲ," ಎಂದಳು. ಆ ಮಾತನ್ನು ಅವಳು ಪೂರ್ತಿ ನಂಬಿರಲಿಲ್ಲ. "ಹೋಗೋದಾದ್ರೆ ಮುಂದಿನ ಗೇಟಿಂದ ಹೋಗೋಣ. ಹೆಸರು ಬರ್ಕೊಂಡ್ರೆ ಕೆಲಸ. ಇಲ್ದಿದ್ರೆ ಇಲ್ಲ."

ಇಬ್ಬರೂ ಹೋದರು. ಮುಂದಿನ ಗೇಟಿನಲ್ಲಿ ಕಾವಲುಗಾರ ಹಾಜರಿ ಪುಸ್ತಕವನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡ. "ಇವತ್ತು ಹೆಸರಿಲ್ಲ. ಹಿಂದೆ ಬನ್ನಿ, ಬೀಗ ತೆಗೀತೀನಿ," ಎಂದ. ಹೆಸರು ಬರೆಯದೆ ಒಳಗೆ ಬರುವುದಿಲ್ಲ ಎಂದರು ಇಬ್ಬರೂ. ಅವನು ಒಳಗೆ ಹೋಗಿ ಕೇಳಿಕೊಂಡು ಬಂದ. "ಬರೋ ಹಾಗಿದ್ರೆ ಹಿಂದೆ. ಇಲ್ದಿದ್ರೆ ನಾಳೆಯಿಂದ ಬರೋದೇ ಬೇಡ ಅಂದ್ರು," ಎಂದ. ಮಗಳು ತಾಯಿಯ ಕಡೆ ನೋಡಿದಳು. ಆಮೇಲೆ ತಾನೇ ಹೇಳಿದಳು, "ಬೇಡ ಬಿಡಿ."

ಅಲ್ಲಿಂದ ಮನೆಗೆ ಹೋಗಬಹುದಿತ್ತು. ಕಾಲು ಬರಲಿಲ್ಲ. ಇಬ್ಬರೂ ಸುತ್ತು ಹಾಕಿ ಹಿಂದಿನ ಗೇಟಿನ ಎದುರಿನ ಕಲ್ಲಿನ ಮೇಲೆ ಕೂತರು. ಅಲ್ಲಿಂದ ವಾರ್ಡಿನ ಕಿಟಕಿ ಕಾಣುತ್ತಿತ್ತು. ಬಿಸಿಲೇರುತ್ತಾ ವಾಸನೆ ಶುರುವಾಯಿತು. ಒಳಗೆ ಒಬ್ಬಳು ಹೆರುತ್ತಾ ಕೂಗುತ್ತಿದ್ದಳು. ಪ್ರತಿ ಕೂಗಿಗೂ ಫಿನಾಯಿಲಮ್ಮನ ಬಲಗೈ ತನ್ನಷ್ಟಕ್ಕೆ ಮುಚ್ಚಿ ಬಿಚ್ಚುತ್ತಿತ್ತು. ಹಿಡಿಯಲು ಪೊರಕೆಯಿಲ್ಲದ ಕೈ.

ಹತ್ತು ಗಂಟೆಗೆ ಒಬ್ಬ ಹೆಂಗಸು ಬಂದಳು. ಮೂವತ್ತರೊಳಗಿನ ವಯಸ್ಸು, ಗಟ್ಟಿ ಮೈ. ಕಂಕುಳಲ್ಲಿ ಮನೆಯಿಂದ ತಂದ ಬಕೆಟ್ಟು.

"ಅಕ್ಕಾ, ಹಿಂದಿನ ಗೇಟು ಅಂದ್ರೆ ಇದೇನಾ?"

"ಇದೇ," ಎಂದಳು ಫಿನಾಯಿಲಮ್ಮ. ಎದ್ದು ನಿಂತು ಅವಳ ಕೈ ಹಿಡಿದುಕೊಂಡಳು. "ಇಲ್ಲಿಂದ ಹೋಗ್ಬೇಡಮ್ಮ. ಮುಂದಿನ ಗೇಟಿಗೆ ಹೋಗು. ಮೊದಲು ಹೆಸರು ಬರೆಸು. ಬರೆಸದೆ ಒಂದು ಹನಿ ನೀರೂ ಮುಟ್ಟಬೇಡ."

"ಇವತ್ತು ಬರೆಯಲ್ವಂತೆ ಅಕ್ಕಾ. ಇವತ್ತೊಂದಿನ ಚೆನ್ನಾಗಿ ಮಾಡಿ ತೋರಿಸಿದ್ರೆ ನಾಳೆಯಿಂದ ಬರ್ಕೋತಾರಂತೆ." ಅವಳು ಖುಷಿಯಲ್ಲಿದ್ದಳು. "ಸರ್ಕಾರಿ ಕೆಲಸ! ಕೊನೆಗೆ ಪಿಂಚಣಿ ಇರುತ್ತಲ್ವಾ?"

ಮಗಳು ಮುಖ ತಿರುಗಿಸಿದಳು. ಫಿನಾಯಿಲಮ್ಮ ಬಾಯಿ ತೆರೆದಳು. ಎಲ್ಲಿಂದ ಶುರು ಮಾಡಬೇಕು? ಎಂಬತ್ತೊಂಬತ್ತರಿಂದಲೋ, ಓಲೆಯಿಂದಲೋ, ಜಾರಿ ಬಿದ್ದವಳಿಂದಲೋ? ಅಷ್ಟರಲ್ಲಿ ಕಾವಲುಗಾರ ಬೀಗ ತೆಗೆದು ಇನ್ನೊಂದು ಕಡೆ ನೋಡಿದ. ಹೆಂಗಸು ಕೈ ಬಿಡಿಸಿಕೊಂಡು ಒಳಗೆ ಹೋದಳು. ಬೀಗ ಬಿತ್ತು. ಫಿನಾಯಿಲಮ್ಮ ಮತ್ತೆ ಕಲ್ಲಿನ ಮೇಲೆ ಕೂತಳು.

ಸ್ವಲ್ಪ ಹೊತ್ತಿಗೆ ಕಿಟಕಿಯಿಂದ ಫಿನಾಯಿಲಿನ ವಾಸನೆ ಬಂತು. ಕಣ್ಣು ಉರಿಸುವಷ್ಟು ಘಾಟು. ಹೊಸಬಳು, ಅಳತೆ ಗೊತ್ತಿಲ್ಲ, ಸುರಿದುಬಿಟ್ಟಿದ್ದಳು. ಅಷ್ಟು ಸುರಿದರೆ ನೆಲ ಎಣ್ಣೆ ಸವರಿದಂತೆ ಜಾರುತ್ತದೆ.

ಫಿನಾಯಿಲಮ್ಮ ಕೂತೇ ಇರಬೇಕೆಂದು ಹಲ್ಲು ಕಚ್ಚಿದಳು. ಒಳಗೆ ಹೆರುತ್ತಿದ್ದವಳ ಕೂಗು ನಿಂತು ಮಗುವಿನ ಅಳು ಕೇಳಿತು. ಇನ್ನು ಹೆತ್ತವಳು ಎದ್ದು ಪಾಯಿಖಾನೆಗೆ ನಡೆಯುತ್ತಾಳೆ.

ಫಿನಾಯಿಲಮ್ಮ ಎದ್ದಳು. ಗೇಟಿನ ಸರಳು ಹಿಡಿದು, ಇದ್ದ ಉಸಿರನ್ನೆಲ್ಲ ಸೇರಿಸಿ ಕೂಗಿದಳು, "ಬಕೆಟ್ಟಿಗೆ ಒಂದೇ ಮುಚ್ಚಳ ಹಾಕು ತಾಯೀ! ಒಂದೇ ಮುಚ್ಚಳ! ಆಮೇಲೆ ಬರೀ ನೀರಲ್ಲಿ ಒರೆಸು!"

ಒಳಗಿನಿಂದ "ಆಯ್ತಕ್ಕಾ" ಎಂದು ಕೇಳಿತು. ಆವತ್ತಿನ ಹಾಜರಿ ಪುಸ್ತಕದಲ್ಲಿ ಒಳಗೆ ಒರೆಸಿದವಳ ಹೆಸರೂ, ಹೊರಗೆ ಕೂಗಿದವಳ ಹೆಸರೂ ಇರಲಿಲ್ಲ.